ಸುನಾಮಿ ಬಂದು ಹೋದ ಮೇಲೆ ವೇಳಾಂಗಣಿ ತೀರದ ಬದುಕು



ತೇನಿ, ಕಂಬಂ, ದಿಂಡಿಗಲ್ ಕಡೆಯ ನಮಗೆ ಸಮುದ್ರ ಎಂದರೆ ಮೊದಲು ನೆನಪಾಗುವುದು ವೇಳಾಂಗಣಿ. ಆಗಸ್ಟ್ 29ಕ್ಕೆ ಅಲ್ಲಿ ಬಾವುಟ ಏರುತ್ತದೆ, ಸೆಪ್ಟೆಂಬರ್ 8ಕ್ಕೆ ಮಾತೆಯ ಹಬ್ಬ. ಅಷ್ಟರಲ್ಲಿ ನಮ್ಮ ಕಡೆಯಿಂದ ಕಾವಿ ಉಟ್ಟು ಕಾಲ್ನಡಿಗೆಯಲ್ಲಿ ಹೊರಟವರೂ ಬಸ್ಸಿನಲ್ಲಿ ಹೊರಟವರೂ ಅಲ್ಲಿ ಸೇರಿರುತ್ತಾರೆ. ಬೆಟ್ಟದ ಬುಡದಲ್ಲಿ ಬೆಳೆದ ನಾವು ಕಡಲನ್ನು ಮೊದಲ ಸಲ ನೋಡಿದ್ದು ಹೆಚ್ಚಾಗಿ ಅಲ್ಲಿಯೇ, ಅಮ್ಮನ ಸೆರಗು ಹಿಡಿದುಕೊಂಡು.

ಅದೇ ತೀರಕ್ಕೆ 2004ರ ಡಿಸೆಂಬರ್ 26ರಂದು ಸುನಾಮಿ ಬಂತು. ಇದನ್ನು ಓದುತ್ತಿರುವ ಹಲವರು ಆಗ ಹುಟ್ಟಿಯೇ ಇರಲಿಲ್ಲ. ನಮ್ಮಂಥವರು ಅಂಗನವಾಡಿ ವಯಸ್ಸಿನವರು. ಅಲೆ ಹೇಗಿತ್ತು ಎಂಬುದನ್ನು ಮೊಬೈಲಿನಲ್ಲಿ ಎಲ್ಲರೂ ನೋಡಿದ್ದೇವೆ. ಅಲೆ ಇಳಿದ ಮೇಲೆ ಜನ ಎಲ್ಲಿ ಮಲಗಿದರು, ಯಾರು ಅಡುಗೆ ಮಾಡಿ ಬಡಿಸಿದರು, ಒಳನಾಡಿನಿಂದ ಹೋದ ಸಹಾಯದಲ್ಲಿ ಯಾವುದು ಉಪಯೋಗಕ್ಕೆ ಬಂತು, ಯಾವುದು ರಸ್ತೆ ಬದಿಗೆ ಬಿತ್ತು ಎಂಬ ಕಥೆ ಮಾತ್ರ ಅಷ್ಟಾಗಿ ಯಾರೂ ಹೇಳುವುದಿಲ್ಲ. ಈ ಸಲ ಅದನ್ನೇ ಬರೆಯೋಣ ಎಂದುಕೊಂಡೆವು.

ಆ ದಿನ ಭಾನುವಾರ, ಕ್ರಿಸ್ಮಸ್ ಮರುದಿನ, ಪವಿತ್ರ ಕುಟುಂಬದ ಹಬ್ಬ. ಮಗುವನ್ನೆತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಜೋಸೆಫ್ ಮರಿಯರ ಕಥೆಯೇ ಅಂದಿನ ಶುಭಸಂದೇಶ. ಬೆಳಿಗ್ಗೆ 6 ಗಂಟೆ 29 ನಿಮಿಷದ ಹೊತ್ತಿಗೆ ಇಂಡೋನೇಷ್ಯಾದ ಸುಮಾತ್ರದ ಪಶ್ಚಿಮಕ್ಕೆ, ಕಡಲ ತಳದಲ್ಲಿ 9.1 ತೀವ್ರತೆಯ ಭೂಕಂಪವಾಯಿತು. ಬಿರುಕು ಉತ್ತರಕ್ಕೆ ಅಂಡಮಾನಿನ ತನಕ 1,200 ಕಿಲೋಮೀಟರಿಗೂ ಹೆಚ್ಚು ಉದ್ದ ಹರಿಯಿತು. ಬಿಎಸ್ಸಿ ಓದಿದವರಿಗೆ ಗೊತ್ತಿರುವ ಸಣ್ಣ ಲೆಕ್ಕವೊಂದಿದೆ: ಸುನಾಮಿಯ ವೇಗವೆಂದರೆ ಗುರುತ್ವಾಕರ್ಷಣೆಯನ್ನು ನೀರಿನ ಆಳದಿಂದ ಗುಣಿಸಿ ತೆಗೆದ ವರ್ಗಮೂಲ. 4,000 ಮೀಟರ್ ಆಳದ ಕಡಲಿನಲ್ಲಿ ಅದು ಗಂಟೆಗೆ 700 ಕಿಲೋಮೀಟರ್ ದಾಟುತ್ತದೆ, ವಿಮಾನದ ಓಟ. ಹಾಗಿದ್ದರೂ ನಮ್ಮ ತೀರ ಮುಟ್ಟಲು ಅದಕ್ಕೆ ಸುಮಾರು ಎರಡೂವರೆ ಗಂಟೆ ಬೇಕಾಯಿತು. ಆ ಎರಡೂವರೆ ಗಂಟೆಯಲ್ಲಿ ಕಡಲ ಬದಿಯ ಬಹುತೇಕ ಊರುಗಳಿಗೆ ಸುದ್ದಿ ಮುಟ್ಟಲಿಲ್ಲ. ಹೈದರಾಬಾದಿನ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ.

(ನಮ್ಮ ಕಣಿವೆಯಲ್ಲಿ ಭೂಕಂಪ ಎಂದರೆ ಮಾತು ನೇರವಾಗಿ 1895ರ ಮುಲ್ಲೈಪೆರಿಯಾರ್ ಅಣೆಕಟ್ಟಿನ ಕಡೆಗೆ ಹೋಗುತ್ತದೆ. ಅದು ಬೇರೆಯೇ ಜಗಳ, ಇನ್ನೊಂದು ದಿನ ಬರೆಯೋಣ.)

ತಮಿಳುನಾಡಿನಲ್ಲಿ ಸತ್ತವರು ಸುಮಾರು 8,000. ಅದರಲ್ಲಿ ನಾಗಪಟ್ಟಿಣಂ ಜಿಲ್ಲೆಯೊಂದರಲ್ಲೇ 6,000ಕ್ಕೂ ಹೆಚ್ಚು, ಕನ್ಯಾಕುಮಾರಿ ಜಿಲ್ಲೆಯಲ್ಲಿ ಸುಮಾರು 800. ವೇಳಾಂಗಣಿಯಲ್ಲಿ ಬಸಿಲಿಕದ ಒಳಗೆ ಪೂಜೆ ನಡೆಯುತ್ತಿತ್ತು, ನೀರು ದೇವಾಲಯದೊಳಗೆ ಬರಲಿಲ್ಲ. ಆದರೆ ಕಡಲ ದಂಡೆಯಲ್ಲಿದ್ದವರು, ಅಂಗಡಿ ಸಾಲಿನಲ್ಲಿದ್ದವರು ನೂರಾರು ಜನ ಹೋದರು. ಕ್ರಿಸ್ಮಸ್‌ಗೆಂದು ಕೇರಳದಿಂದ, ಕರ್ನಾಟಕದಿಂದ, ತಮಿಳುನಾಡಿನ ಒಳ ಜಿಲ್ಲೆಗಳಿಂದ ಬಂದಿದ್ದ ಯಾತ್ರಿಕರೇ ಅವರಲ್ಲಿ ಹೆಚ್ಚು. ದೇವಾಲಯ ಉಳಿದದ್ದನ್ನು ಪವಾಡ ಎನ್ನುವವರಿದ್ದಾರೆ. ನಾವು ವಾದಕ್ಕೆ ಇಳಿಯುವುದಿಲ್ಲ. ಆದರೆ ಆ ಮಾತನ್ನು ದಂಡೆಯಲ್ಲಿ ಮಗುವನ್ನು ಕಳೆದುಕೊಂಡ ತಾಯಿಯ ಎದುರು ಆಡಬಾರದು ಎಂದು ನಮಗೆ ಅನಿಸುತ್ತದೆ.

ಮೊದಲ ಮೂರು ದಿನ ಹೆಣ ಹೂಳುವ ಕೆಲಸವೇ ದೊಡ್ಡದಾಯಿತು. ಗುರುತು ಸಿಗದವರ ಫೋಟೋ ತೆಗೆದಿಟ್ಟು, ಜೆಸಿಬಿಯಿಂದ ಗುಂಡಿ ತೋಡಿ, ಒಟ್ಟೊಟ್ಟಾಗಿ ಮಣ್ಣು ಮಾಡಿದರು. ಕನ್ಯಾಕುಮಾರಿಯ ಕೊಳಚಲ್‌ನಲ್ಲೂ ಹೀಗೆ ಒಂದೇ ಕಡೆ ಹೂಳಿದ ಸಮಾಧಿ ಇದೆ. ಬದುಕಿದವರು ಶಾಲೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ, ದೇವಾಲಯದ ಆವರಣಗಳಲ್ಲಿ ಮಲಗಿದರು. ಕನ್ಯಾಕುಮಾರಿಯ ಮೀನುಗಾರರು ಬಹುಪಾಲು ಕಥೋಲಿಕರು. ನಾಗಪಟ್ಟಿಣದ ಮೀನುಗಾರರು ಬಹುಪಾಲು ಹಿಂದೂಗಳು. ಕಡಲೂರು ಜಿಲ್ಲೆಯ ಪರಂಗಿಪೇಟೈಯಲ್ಲಿ ಮುಸ್ಲಿಂ ಜಮಾತ್‌ನವರು ಮೀನುಗಾರ ಕುಟುಂಬಗಳಿಗೆ ದಿನಗಟ್ಟಲೆ ಅಡುಗೆ ಮಾಡಿ ಹಾಕಿದರು. ಯಾವ ಪಾತ್ರೆ ಯಾರದ್ದು, ಯಾರು ಬೇಯಿಸಿದ್ದು ಎಂದು ಆ ವಾರ ಯಾರೂ ಕೇಳಿರಲಾರರು.

ಇದರ ನಡುವೆ ಡಿಸೆಂಬರ್ 30ರಂದು ಇನ್ನೊಂದು ಸುನಾಮಿ ಬರಬಹುದು ಎಂದು ಕೇಂದ್ರ ಗೃಹ ಇಲಾಖೆಯಿಂದಲೇ ಎಚ್ಚರಿಕೆ ಹೊರಟಿತು. ಶಿಬಿರ ಬಿಟ್ಟು ಜನ ಒಳಕ್ಕೆ ಓಡಿದರು, ಪರಿಹಾರದ ಕೆಲಸ ನಿಂತಿತು. ಅಲೆ ಬರಲಿಲ್ಲ. ಮೊದಲ ದಿನ ಬೇಕಾದಾಗ ಬಾರದ ಎಚ್ಚರಿಕೆ, ನಾಲ್ಕು ದಿನ ಕಳೆದು ಬೇಡದಾಗ ಬಂತು.

ಈಗ ಒಳನಾಡಿನ ಸಹಾಯದ ಕಥೆಗೆ ಬರೋಣ. ತೇನಿ ಮಧುರೈ ಮಹಾಧರ್ಮಪ್ರಾಂತ್ಯಕ್ಕೆ ಸೇರಿದೆ. ದಿಂಡಿಗಲ್ ಧರ್ಮಪ್ರಾಂತ್ಯ 2003ರ ನವೆಂಬರ್‌ನಲ್ಲಷ್ಟೇ ತಿರುಚಿರಾಪಳ್ಳಿಯಿಂದ ಬೇರೆಯಾಗಿತ್ತು, ಮರುವರ್ಷದ ಕ್ರಿಸ್ಮಸ್‌ಗೇ ಈ ದುರಂತ. ತಮಿಳುನಾಡಿನ ಉದ್ದಗಲಕ್ಕೂ ದೇವಾಲಯ, ದೇವಸ್ಥಾನ, ಮಸೀದಿ, ಕಾಲೇಜುಗಳಲ್ಲಿ ಅಕ್ಕಿ, ಬಟ್ಟೆ, ಹಣ ಸಂಗ್ರಹವಾಯಿತು. ಲಾರಿಗಳು ಸಾಲುಗಟ್ಟಿ ಪೂರ್ವಕ್ಕೆ ಹೋದವು. ಅಕ್ಕಿ ಉಪಯೋಗವಾಯಿತು, ಪಾತ್ರೆ ಉಪಯೋಗವಾಯಿತು. ಬಟ್ಟೆಯ ಗತಿಯೇ ಬೇರೆಯಾಯಿತು. ನಾಗಪಟ್ಟಿಣದ ರಸ್ತೆ ಬದಿಯಲ್ಲಿ ಹಳೆ ಬಟ್ಟೆಯ ಗುಡ್ಡೆಗಳು ಎದ್ದವು. ಮೀನುಗಾರ ಹೆಂಗಸರು ಅದನ್ನು ಮುಟ್ಟಲಿಲ್ಲ. ಹರಿದದ್ದು, ಬಣ್ಣ ಹೋದದ್ದು, ಆ ಊರಿನವರು ಯಾವತ್ತೂ ತೊಡದೇ ಇದ್ದದ್ದು ಎಲ್ಲವೂ ಅದರಲ್ಲಿತ್ತು. ಕೊನೆಗೆ ಅದನ್ನು ಸಾಗಿಸುವುದೇ ಜಿಲ್ಲಾಡಳಿತಕ್ಕೆ ಇನ್ನೊಂದು ಕೆಲಸವಾಯಿತು.

ಕೆಲವರು ಇದನ್ನು ಸೊಕ್ಕು ಎಂದರು. ಯೋಚಿಸಿ ನೋಡಿ. ಹಿಂದಿನ ದಿನದ ತನಕ ಸ್ವಂತ ದೋಣಿ, ಬಲೆ ಇಟ್ಟುಕೊಂಡು ಮೀನು ಮಾರಿ ಬದುಕುತ್ತಿದ್ದವರು ಅವರು. ಭಿಕ್ಷೆಗೆ ಕೈ ಚಾಚಿದವರಲ್ಲ. ಮನೆ ಹೋಗಿದೆ, ಮಗು ಹೋಗಿದೆ, ಅದರ ಮೇಲೆ ಇನ್ನೊಬ್ಬರು ಉಟ್ಟು ಬಿಟ್ಟ ಸೀರೆ ಉಡು ಎಂದರೆ ನಮ್ಮ ಮನೆಯ ಅಜ್ಜಿಯಾದರೂ ಉಡುತ್ತಿದ್ದಳೇ?

ಇನ್ನೊಂದು ಸಂಗತಿ ಇದಕ್ಕಿಂತಲೂ ನೋವಿನದು. ಸುನಾಮಿಯ ನಂತರ ತಮಿಳುನಾಡು, ಕೇರಳದ ಊರೂರುಗಳಲ್ಲಿ ಜನ ಕಡಲ ಮೀನು ತಿನ್ನುವುದನ್ನೇ ಬಿಟ್ಟರು. ಮೀನು ಹೆಣ ತಿಂದಿರುತ್ತದೆ ಎಂಬ ಭಯ. ಬೆಲೆ ಬಿದ್ದುಹೋಯಿತು. ದೋಣಿ ಉಳಿಸಿಕೊಂಡು ಧೈರ್ಯ ಮಾಡಿ ಕಡಲಿಗೆ ಇಳಿದವನಿಗೂ ಕೊಳ್ಳುವವರಿಲ್ಲ, ಬುಟ್ಟಿ ಹೊತ್ತು ಮಾರುವ ಹೆಂಗಸಿಗೂ ವ್ಯಾಪಾರವಿಲ್ಲ. ಒಂದು ಕೈಯಲ್ಲಿ ಅಕ್ಕಿ ಕೊಟ್ಟ ನಾಡು ಇನ್ನೊಂದು ಕೈಯಿಂದ ಅವರ ದುಡಿಮೆಯನ್ನು ತಳ್ಳಿತು. ಆ ತಿಂಗಳು ಅವರಿಂದ ಒಂದು ಕಿಲೋ ಮೀನು ಕೊಂಡಿದ್ದರೆ ಒಂದು ಮೂಟೆ ಬಟ್ಟೆಗಿಂತ ಹೆಚ್ಚಿನ ಸಹಾಯವಾಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ಈ ಗೊಂದಲವನ್ನು ಸ್ವಲ್ಪ ಹದಕ್ಕೆ ತಂದದ್ದು ಒಂದು ಸಾದಾ ಏರ್ಪಾಡು. ನೂರಾರು ಸಂಸ್ಥೆಗಳು ಒಂದೇ ಊರಿಗೆ ನುಗ್ಗುವುದನ್ನು ತಪ್ಪಿಸಲು ನಾಗಪಟ್ಟಿಣದಲ್ಲಿ ಸ್ವಯಂಸೇವಾ ಸಂಸ್ಥೆಗಳ ಸಮನ್ವಯ ಕೇಂದ್ರವೊಂದು ಶುರುವಾಯಿತು. ಯಾವ ಊರಿಗೆ ಏನು ಬೇಕು, ಯಾರು ಏನು ಕೊಟ್ಟಾಗಿದೆ ಎಂದು ಅಲ್ಲಿ ಬರೆದಿಟ್ಟು, ಬಂದವರಿಗೆ ದಾರಿ ತೋರಿಸಿದರು. ಮೀನುಗಾರರದೇ ಸಹಕಾರ ಸಂಘಗಳ ಒಕ್ಕೂಟ ಇದರಲ್ಲಿ ಮುಂದಿತ್ತು. ಧರ್ಮಸಭೆಯ ಕಡೆಯಿಂದ ಕಾರಿತಾಸ್ ಇಂಡಿಯಾ ಜೊತೆಗೆ ತಂಜಾವೂರು ಮತ್ತು ಕೋಟ್ಟಾರ್ ಧರ್ಮಪ್ರಾಂತ್ಯಗಳ ಸಮಾಜಸೇವಾ ಸಂಸ್ಥೆಗಳು ದುಡಿದವು. ಬೆಂಗಳೂರಿನ ನಿಮ್ಹಾನ್ಸ್ ತಂಡ ಬಂದು ಸ್ಥಳೀಯ ಕಾರ್ಯಕರ್ತರಿಗೆ, ದುಃಖದಲ್ಲಿರುವವರ ಮಾತು ಕೇಳುವುದು ಹೇಗೆ ಎಂದು ತರಬೇತಿ ಕೊಟ್ಟಿತು.

ಜನವರಿಯಲ್ಲಿ ಶಾಲೆ ತೆರೆಯಬೇಕಾಯಿತು. ಅಲ್ಲಿ ಮಲಗಿದ್ದವರು ತಾತ್ಕಾಲಿಕ ಶೆಡ್ಡುಗಳಿಗೆ ಹೋದರು. ಡಾಂಬರು ಶೀಟಿನ ಸಾಲು ಶೆಡ್ಡುಗಳು. ಬೇಸಿಗೆಯಲ್ಲಿ ಒಳಗೆ ಕೂರಲಾಗದ ಬಿಸಿ, ಮಳೆಗಾಲದಲ್ಲಿ ಕಾಲಡಿಗೆ ನೀರು. ಹೆಂಗಸರಿಗೆ ಸ್ನಾನಕ್ಕೆ, ಶೌಚಕ್ಕೆ ಮರೆ ಇರಲಿಲ್ಲ. ಪರಿಹಾರದ ನಗದು ಕೈಗೆ ಬಂದ ಕೆಲವು ಮನೆಗಳಲ್ಲಿ ಕುಡಿತ ಹೆಚ್ಚಿತು. ಹೆಂಡತಿ ಕಳೆದುಕೊಂಡವರಿಗೆ ಎಳೆಯ ಹುಡುಗಿಯರನ್ನು ಅವಸರದಲ್ಲಿ ಮದುವೆ ಮಾಡಿಕೊಟ್ಟ ಸುದ್ದಿಗಳೂ ಬಂದವು. ಮಕ್ಕಳನ್ನು ಕಳೆದುಕೊಂಡ, ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದ್ದ ತಾಯಂದಿರಿಗೆ ಮತ್ತೆ ಮಗುವಾಗುವಂತೆ ಉಚಿತ ಶಸ್ತ್ರಚಿಕಿತ್ಸೆ ಮಾಡಿಸುವುದಾಗಿ ಸರ್ಕಾರ ಪ್ರಕಟಿಸಿತು. ಈ ಒಂದು ಸಾಲನ್ನು ಓದಿದಾಗ ನಮ್ಮ ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಪಾಲು ಸಿಗದವರೂ ಇದ್ದರು. ಸಾಮಗ್ರಿ ಹೆಚ್ಚಾಗಿ ಮೀನುಗಾರರ ಊರ ಪಂಚಾಯತಿಯ ಮೂಲಕ ಹಂಚಿಕೆಯಾಗುತ್ತಿತ್ತು. ಪಂಚಾಯತಿ ಗಟ್ಟಿಯಾಗಿದ್ದ ಕಡೆ ಹಂಚಿಕೆ ಅಚ್ಚುಕಟ್ಟು. ಆದರೆ ಆ ಪಂಚಾಯತಿಗೆ ಸೇರದ ದಲಿತ ಕೂಲಿಕಾರರ ಹೆಸರು ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಅವರಿಗೆ ದೋಣಿ ಇರಲಿಲ್ಲ, ಆದ್ದರಿಂದ ದೋಣಿ ಹೋದ ಲೆಕ್ಕವೂ ಇಲ್ಲ. ದುಡಿಯುತ್ತಿದ್ದ ಗದ್ದೆಗೆ ಉಪ್ಪು ನೀರು ನುಗ್ಗಿ ಕೂಲಿ ಮಾತ್ರ ಹೋಯಿತು. ಕೆಲವು ಶಿಬಿರಗಳಲ್ಲಿ ಅವರನ್ನು ಬೇರೆ ಕೂರಿಸಿದರು, ನೀರಿನ ಟ್ಯಾಂಕಿನ ಹತ್ತಿರ ಬಿಡಲಿಲ್ಲ ಎಂಬುದು ಆಗಲೇ ವರದಿಯಾಗಿದೆ. ಸಮುದ್ರ ಜಾತಿ ನೋಡಲಿಲ್ಲ, ಸಾಲಿನಲ್ಲಿ ನಿಂತವರು ನೋಡಿದರು. ಗದ್ದೆಯ ಉಪ್ಪಿನ ವಿಷಯ ಕಂಬಂ ಕಣಿವೆಯಲ್ಲಿ ಭತ್ತ, ದ್ರಾಕ್ಷಿ ಬೆಳೆಯುವ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಜಿಪ್ಸಂ ಹಾಕಿ, ಹಸಿರೆಲೆ ಗೊಬ್ಬರ ಬೆಳೆದು ಮಣ್ಣಿಗೆ ಸೇರಿಸಿ, ಮಳೆಯ ಸಿಹಿ ನೀರಿನಲ್ಲಿ ತೊಳೆದು ಆ ಮಣ್ಣನ್ನು ಮತ್ತೆ ದಾರಿಗೆ ತರಬೇಕಾಯಿತು.

ಒಳನಾಡಿನಿಂದ ಹೋಗಿ ಅಲ್ಲಿ ಬೇರು ಬಿಟ್ಟದ್ದು ಯಾವುದು ಎಂದು ಕೇಳಿದರೆ ನಾವು ಕಳಂಜಿಯಂ ಹೆಸರು ಹೇಳುತ್ತೇವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಆಡುವ ನಮಗೆ ಅರ್ಥ ಸುಲಭ: ಕಳಂಜಿಯಂ ಎಂದರೆ ಕಣಜ. ಮಧುರೈನ ಧಾನ್ ಫೌಂಡೇಶನ್ ನಡೆಸುವ ಈ ಮಹಿಳಾ ಉಳಿತಾಯ ಗುಂಪುಗಳು ಮಧುರೈ, ತೇನಿ, ದಿಂಡಿಗಲ್ ಹಳ್ಳಿಗಳಲ್ಲಿ ಸುನಾಮಿಗೆ ಮೊದಲೇ ಇದ್ದವು. ತಿಂಗಳಿಗಿಷ್ಟು ಕೂಡಿಡುವುದು, ತಮ್ಮಲ್ಲೇ ಸಾಲ ಕೊಡುವುದು, ಬಡ್ಡಿಯವನ ಬಾಗಿಲಿಗೆ ಹೋಗದಿರುವುದು, ಇಷ್ಟೇ ಅದರ ಕ್ರಮ. ಸುನಾಮಿಯ ನಂತರ ಅದೇ ಸಂಸ್ಥೆ ಕರಾವಳಿಯ ಹೆಂಗಸರನ್ನೂ ಹೀಗೆ ಗುಂಪು ಕಟ್ಟಿಸಿತು. ದೋಣಿಗಳಾದರೋ ದಾನವಾಗಿ ಎಷ್ಟು ಬಂದವೆಂದರೆ, ಕೆಲವು ಊರುಗಳಲ್ಲಿ ಮೊದಲಿದ್ದುದಕ್ಕಿಂತ ಹೆಚ್ಚಾದವು. ಆದರೆ ಐಸ್ ಕೊಳ್ಳಲು, ಮೀನು ಹರಾಜಿನಲ್ಲಿ ಕೂಗಲು ಮೀನು ಮಾರುವ ಹೆಂಗಸಿಗೆ ಬೆಳಗಿನ ಜಾವ ಕೈಯಲ್ಲಿ ಕಾಸು ಬೇಕು. ಅದನ್ನು ದಾನದ ಲಾರಿ ತರಲಿಲ್ಲ, ಉಳಿತಾಯದ ಗುಂಪು ತಂದಿತು.

ಶೆಡ್ಡಿನಿಂದ ಪಕ್ಕಾ ಮನೆಗೆ ಹೋಗಲು ಹಲವರಿಗೆ ವರ್ಷಗಳೇ ಹಿಡಿದವು. ಕಡಲಿನಿಂದ 200 ಮೀಟರ್ ಆಚೆ ಮನೆ ಎಂಬ ನಿಯಮ ಬಂತು. ಕಡಲು ಕಣ್ಣಿಗೆ ಕಾಣದಿದ್ದರೆ ಮೀನಿನ ಸುಳಿವು ಹೇಗೆ ಹಿಡಿಯುವುದು ಎಂದು ಮೀನುಗಾರರು ಗೊಣಗಿದರು. ಹೊಸ ಮನೆಗಳ ಹಕ್ಕುಪತ್ರದಲ್ಲಿ ಗಂಡನ ಜೊತೆ ಹೆಂಡತಿಯ ಹೆಸರನ್ನೂ ಬರೆದರು. ಇದು ನಮಗೆ ಬಹಳ ಇಷ್ಟವಾದ ಸಂಗತಿ.

2018ರ ನವೆಂಬರ್ 16ರ ನಸುಕಿನಲ್ಲಿ ಗಜ ಚಂಡಮಾರುತ ಅದೇ ನಾಗಪಟ್ಟಿಣಂ ಜಿಲ್ಲೆಯ ವೇದಾರಣ್ಯಂ ಬಳಿ ದಡ ಮುಟ್ಟಿತು. ಈ ಸಲ ಮೊದಲೇ ಎಚ್ಚರಿಕೆ ಇತ್ತು, ಸಾವಿರಾರು ಜನ ಹಿಂದಿನ ದಿನವೇ ಶಿಬಿರ ಸೇರಿದ್ದರು. ಗಾಳಿ ಅಲ್ಲಿಗೆ ನಿಲ್ಲದೆ ತಂಜಾವೂರು, ಪುದುಕ್ಕೋಟೈ ದಾಟಿ ದಿಂಡಿಗಲ್ ತನಕ ಬಂದು, ಕೊಡೈಕೆನಾಲ್ ಬೆಟ್ಟದಲ್ಲಿ ಮರ ಉರುಳಿಸಿ, ಮಣ್ಣು ಕುಸಿಯುವಂತೆ ಮಾಡಿತು. ಕಡಲಿನವರಿಗೂ ಬೆಟ್ಟದವರಿಗೂ ಒಂದೇ ರಾತ್ರಿ ಕರೆಂಟು ಹೋಯಿತು. ಆಗ ಡೆಲ್ಟಾದ ಊರುಗಳಿಂದ ಫೋನಿನಲ್ಲಿ ಬಂದ ಬೇಡಿಕೆ ಸ್ಪಷ್ಟವಾಗಿತ್ತು: ಟಾರ್ಪಾಲು, ಮೇಣದಬತ್ತಿ, ಸೊಳ್ಳೆಬತ್ತಿ, ಕುಡಿಯುವ ನೀರು. ನಮ್ಮ ದೇವಾಲಯದ ಬಾಗಿಲಲ್ಲಿ ಹಿರಿಯಕ್ಕಂದಿರು ಮೇಜು ಹಾಕಿ ಕೂತು ಆ ಪಟ್ಟಿಯನ್ನೇ ಓದಿ ಹೇಳುತ್ತಿದ್ದರು. ಬಟ್ಟೆಯ ಗಂಟು ತಂದವರಿಗೆ, "ಇದು ಬೇಡ ಕಣಪ್ಪಾ, ಇದರ ಬದಲು ಒಂದು ಟಾರ್ಪಾಲು ತಂದುಕೊಡು" ಎಂದು ಹೇಳಿ ವಾಪಸ್ಸು ಕಳಿಸಿದರು.