ಗಡಿ ಸರಿದಾಗ ಅಡುಗೆಮನೆ: ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಒಂದು ಇತಿಹಾಸ

ಊರು ಬಿಟ್ಟು ಪರದೇಶಕ್ಕೆ ಹೋದವರು ತಲೆಯ ಮೇಲೊಂದು ಸೂರು ದೊರೆತೊಡನೆ ಹುಡುಕುವುದು ಪರಿಚಿತವಾದ ಅಡುಗೆಯ ಸಾಮಾನುಗಳನ್ನು. ಅಮೆರಿಕೆಗೋ ಕೊಲ್ಲಿ ರಾಷ್ಟ್ರಗಳಿಗೋ ಹೋದ ನಮ್ಮ ಮಕ್ಕಳು ಜೋಳದ ಹಿಟ್ಟು ಎಲ್ಲಿ ದೊರೆತೀತು, ಪುಂಡಿಪಲ್ಯಕ್ಕೆ ಅಲ್ಲಿಯವರು ಏನೆನ್ನುತ್ತಾರೆ ಎಂದು ವಿಚಾರಿಸುವುದನ್ನು ನಾವೆಲ್ಲರೂ ಕೇಳಿದ್ದೇವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡಿಗರಾದ ನಮ್ಮ ಕಥೆ ಇದಕ್ಕೆ ವಿಲೋಮವಾದುದು. ನಾವು ಎಲ್ಲಿಗೂ ಹೋಗಲಿಲ್ಲ. ನಮ್ಮ ಮನೆ, ಹೊಲ, ಬಾವಿ, ಗುಡಿ ಎಲ್ಲವೂ ಇದ್ದಲ್ಲಿಯೇ ಇದ್ದವು. ಗಡಿರೇಖೆ ಮಾತ್ರ ಒಂದು ದಿನ ಸರಿದು ನಮ್ಮನ್ನು ಇನ್ನೊಂದು ರಾಜ್ಯದವರನ್ನಾಗಿ ಮಾಡಿತು. ಆ ಬದಲಾವಣೆ ನಮ್ಮ ಒಲೆಯ ಮುಂದೆ ಹೇಗೆ ತೋರಿತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಿತು. ಹಳೆಯ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ್ ಭಾಗಗಳು ಆಗಿನ ಮೈಸೂರು ರಾಜ್ಯಕ್ಕೆ ಸೇರಿದವು. ಉದಗೀರ, ನಿಲಂಗಾ ಭಾಗಗಳು ಮುಂಬಯಿ ರಾಜ್ಯಕ್ಕೆ ಹೋದವು. ನಾರಾಯಣಖೇಡ ತಾಲ್ಲೂಕು, ಬೀದರ ತಾಲ್ಲೂಕಿನ ನ್ಯಾಲಕಲ್ ವೃತ್ತ ಹಾಗೂ ನಿರ್ಣಾ ವೃತ್ತವನ್ನುಳಿದು ಜಹೀರಾಬಾದ್ ತಾಲ್ಲೂಕು ಆಂಧ್ರಪ್ರದೇಶಕ್ಕೆ ಬಂದವು. ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲ್ಲೂಕುಗಳನ್ನು ಬೇರ್ಪಡಿಸಿ ಅದೇ ರಾಜ್ಯಕ್ಕೆ ಸೇರಿಸಲಾಯಿತು. ಒಂದು ತಾಲ್ಲೂಕಿನೊಳಗಿನ ಒಂದು ವೃತ್ತವನ್ನು ಬಿಡಿಸಿ ಇತ್ತ ಅತ್ತ ಇಟ್ಟ ಈ ವಿವರ ಗಮನಾರ್ಹವಾದುದು. ನಿರ್ಣಾ ಭಾಗದ ಹೊಲಕ್ಕೂ ಜಹೀರಾಬಾದ್ ಭಾಗದ ಹೊಲಕ್ಕೂ ನಡುವೆ ಇದ್ದುದು ಬದುವಷ್ಟೆ. ಅಂದಿನಿಂದ ಆ ಬದು ರಾಜ್ಯದ ಗಡಿಯಾಯಿತು. 2014ರ ಜೂನ್ 2ರಂದು ತೆಲಂಗಾಣ ರಚನೆಯಾಗಿ, 2016ರಲ್ಲಿ ಜಿಲ್ಲೆಗಳ ಮರುವಿಂಗಡಣೆಯಾದ ಮೇಲೆ ಮೊದಲೆರಡು ಊರುಗಳು ಸಂಗಾರೆಡ್ಡಿ ಜಿಲ್ಲೆಯಲ್ಲಿಯೂ ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿಯೂ ಇವೆ.

ಗಡಿ ಸರಿಯುವ ಮುನ್ನ ಈ ಸೀಮೆಗೆ ಒಂದೇ ಪೇಟೆಯಿತ್ತು ಎನ್ನಬಹುದು. ಜಹೀರಾಬಾದಿನಿಂದ ಬೀದರಕ್ಕೆ ಸುಮಾರು 30 ಕಿಲೋಮೀಟರು. ತಾಂಡೂರು ನಿಜಾಮರ ಕಾಲದ ವಾಡಿ-ಸಿಕಂದರಾಬಾದ್ ರೈಲುಮಾರ್ಗದ ಮೇಲಿನ ಊರು. 1874ರಲ್ಲಿ ಆರಂಭವಾದ ಆ ಮಾರ್ಗದಿಂದಾಗಿ ಅದು ಧಾನ್ಯದ ಪೇಟೆಯಾಗಿ ಬೆಳೆಯಿತು. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಹಾದು ಭೀಮೆಯನ್ನು ಸೇರುತ್ತದೆ. ಜಹೀರಾಬಾದಿನ ಜಂಬಿಟ್ಟಿಗೆಯ ಕೆಂಪುನೆಲ ಬೀದರದ ನೆಲವೇ. ತಾಂಡೂರಿನ ಸುಣ್ಣಕಲ್ಲಿನ ಮೇಲಿನ ಕರಿನೆಲ ಸೇಡಂ, ಚಿತ್ತಾಪುರದ ನೆಲವೇ. ಜೋಳ, ತೊಗರಿ, ಕಡಲೆ, ಹೆಸರು, ಉದ್ದು, ಸಜ್ಜೆ, ನವಣೆ, ಅಗಸೆ, ಕುಸುಬೆ, ಗುರೆಳ್ಳು ಇವು ಎರಡೂ ಕಡೆಯ ಬೆಳೆಗಳು. ಬಿಸಿರೊಟ್ಟಿ, ಪುಂಡಿಪಲ್ಯ, ಅಗಸೆ ಹಿಂಡಿ, ಶೇಂಗಾ ಹಿಂಡಿ ಎರಡೂ ಕಡೆಯ ಊಟ.

ಗಡಿ ಬದಲಾದ ಆಸುಪಾಸಿನ ವರ್ಷಗಳಲ್ಲಿಯೇ ಪೇಟೆಯ ಲೆಕ್ಕವೂ ಬದಲಾಯಿತು. ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಏಳಕ್ಕೆ ಆರು ಕಲ್ದಾರ್ ರೂಪಾಯಿಯ ಲೆಕ್ಕ ಹಿರಿಯರ ಬಾಯಲ್ಲಿತ್ತು. ಆ ನಾಣ್ಯ ಚಲಾವಣೆಯಿಂದ ಹೋಯಿತು. 1957ರ ಏಪ್ರಿಲ್ 1ರಿಂದ ಆಣೆಗಳ ಬದಲು ನಯಾ ಪೈಸೆ ಬಂದಿತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ ಸೇರು, ಪಾವುಗಳು ಹಿಂದೆ ಸರಿದು ಕಿಲೋ, ಗ್ರಾಂಗಳು ಬಂದವು. ಅಂಗಡಿಯ ಫಲಕವೂ ರಸೀದಿಯೂ ಕ್ರಮೇಣ ತೆಲುಗಿಗೆ ತಿರುಗಿದವು. ಹೀಗೆ ನಾಣ್ಯ, ತಕ್ಕಡಿ, ಅಕ್ಷರ ಮೂರೂ ಒಂದೇ ತಲೆಮಾರಿನಲ್ಲಿ ಹೊಸತಾದವು. ಪರದೇಶಕ್ಕೆ ಹೋದವನಿಗೆ ಅಂಗಡಿಯಲ್ಲಿ ಎದುರಾಗುವ ಮೂರು ತೊಡಕುಗಳೂ ಇವೇ ಅಲ್ಲವೆ?

ಎಲ್ಲಕ್ಕಿಂತ ಸೂಕ್ಷ್ಮವಾದುದು ಹೆಸರಿನ ಪ್ರಶ್ನೆ. ಹಿಂದೆ ಅಂಗಡಿಯವನಿಗೂ ಕೊಳ್ಳುವವನಿಗೂ ನಾಲ್ಕು ಭಾಷೆಗಳು ತಿಳಿದಿದ್ದವು. ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದವು. ಶಾಲೆ, ಕಚೇರಿ, ಪಡಿತರ ಚೀಟಿ ಎಲ್ಲವೂ ಒಂದು ಭಾಷೆಯವಾದ ಮೇಲೆ ವಸ್ತುವಿನ ಹೆಸರೂ ಆ ಭಾಷೆಯದಾಯಿತು. ತೊಗರಿ ‘ಕಂದಿ’ಯಾಯಿತು. ಜೋಳ ‘ಜೊನ್ನಲು’ ಆಯಿತು. ಉದ್ದು ‘ಮಿನುಮುಲು’, ಹುಣಸೆ ‘ಚಿಂತಪಂಡು’, ಹುರುಳಿ ‘ಉಲವಲು’, ನವಣೆ ‘ಕೊರ್ರಲು’ ಎಂದಾದವು. ಭಾಷೆ ಕಲಿತವರಿಗೆ ಇವುಗಳೊಳಗಿನ ನಂಟು ಕಾಣುತ್ತದೆ. ತೆಲುಗಿನ ‘ಪೆಸರ’ ನಮ್ಮ ಹೆಸರೇ; ಹಳಗನ್ನಡದ ಪಕಾರ ನಮ್ಮಲ್ಲಿ ಹಕಾರವಾಯಿತು, ಅವರಲ್ಲಿ ಹಾಗೆಯೇ ಉಳಿಯಿತು. ಪಾಲು-ಹಾಲು, ಪುಲಿ-ಹುಳಿ ಎಂಬ ಜೋಡಿಗಳನ್ನು ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬರೆದಾಗ ಗಡಿಭಾಗದ ಮಕ್ಕಳು ಉಳಿದವರಿಗಿಂತ ಬೇಗ ಗ್ರಹಿಸುವುದನ್ನು ನಾವು ಅಧ್ಯಾಪನದ ವರ್ಷಗಳಲ್ಲಿ ಕಂಡಿದ್ದೇವೆ. ಗುರೆಳ್ಳಿಗೆ ಕನ್ನಡದಲ್ಲಿ ಹುಚ್ಚೆಳ್ಳು ಎಂಬ ಹೆಸರೂ ಉಂಟು. ತೆಲುಗಿನ ‘ವೆರ್ರಿ ನುವ್ವುಲು’ ಎಂಬುದರ ಅರ್ಥವೂ ಹುಚ್ಚೆಳ್ಳೇ.

ಇಲ್ಲಿ ಇನ್ನೊಂದು ಸತ್ಯವನ್ನು ಹೇಳದಿದ್ದರೆ ಇತಿಹಾಸಕ್ಕೆ ಅಪಚಾರವಾದೀತು. ನಮ್ಮ ನೆರೆಯ ತೆಲಂಗಾಣದ ತೆಲುಗು, ಅಡುಗೆಮನೆಯ ಮಟ್ಟಿಗೆ, ಕರಾವಳಿ ಆಂಧ್ರದ ತೆಲುಗಿಗಿಂತ ಅನೇಕ ಕಡೆ ನಮ್ಮ ಕನ್ನಡಕ್ಕೆ ಹತ್ತಿರ. ಕರಾವಳಿಯವರು ‘ಉಲ್ಲಿಪಾಯ’ ಎನ್ನುವುದನ್ನು ತೆಲಂಗಾಣದವರು ‘ಉಲ್ಲಿಗಡ್ಡ’ ಎನ್ನುತ್ತಾರೆ. ನಾವು ಉಳ್ಳಾಗಡ್ಡಿ ಎನ್ನುತ್ತೇವೆ. ಅಲ್ಲಿಯ ‘ಬಂಗಾಳದುಂಪ’ ಇಲ್ಲಿ ‘ಆಲುಗಡ್ಡ’; ನಮ್ಮಲ್ಲಿ ಆಲೂಗಡ್ಡೆ. ಅಲ್ಲಿಯ ‘ಗೋಂಗೂರ’ ಇಲ್ಲಿ ‘ಪುಂಟಿಕೂರ’, ನಮ್ಮಲ್ಲಿ ಪುಂಡಿಪಲ್ಯ. ಬೆಂಗಳೂರಿನಿಂದ ಬಂದ ನಂಟರಿಗೆ ಉಳ್ಳಾಗಡ್ಡಿ ಎಂದರೆ ನಗು ಬರುತ್ತದೆ. ಪಕ್ಕದ ಮನೆಯ ತೆಲುಗಿನವರಿಗೆ ಬರುವುದಿಲ್ಲ. ರಾಜ್ಯದ ಗಡಿ ಒಂದು ಬಗೆಯದು, ಅಡುಗೆಮನೆಯ ಗಡಿ ಇನ್ನೊಂದು ಬಗೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೂ ಗಡಿಯೆಂಬುದು ಸುಮ್ಮನಿರಲಿಲ್ಲ. 1960ರ ದಶಕದ ಅಭಾವದ ವರ್ಷಗಳಲ್ಲಿ ಆಹಾರಧಾನ್ಯವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಲು ನಿರ್ಬಂಧಗಳಿದ್ದವು. ಹುಮನಾಬಾದಿನ ತವರಿನಿಂದ ಜಹೀರಾಬಾದಿನ ಮಗಳ ಮನೆಗೆ ಹೋಗುವ ಜೋಳದ ಚೀಲವೂ ಅಂತರರಾಜ್ಯ ಸಾಗಾಣಿಕೆಯೆನಿಸಿತು. ನಮ್ಮ ಸೀಮೆಯಲ್ಲಿ ಪರದೇಶಿಯ ಪಾಡನ್ನು ನಿಜವಾಗಿ ಬಲ್ಲವರು ಈ ಸೊಸೆಯಂದಿರೇ. ಗಡಿಯಾಚೆಯಿಂದ ಬಂದವಳು ಮೊದಲ ತಿಂಗಳಿನಲ್ಲಿ ಅಂಗಡಿಯ ಹೆಸರುಗಳನ್ನು ಕಲಿಯುತ್ತಿದ್ದಳು. ಮಕ್ಕಳಿಗೆ ಒಲೆಯ ಮುಂದೆ ತವರಿನ ಹೆಸರುಗಳನ್ನು ಕಲಿಸುತ್ತಿದ್ದಳು. ರಸ್ತೆಯ ತಪಾಸಣಾ ನಾಕೆಗಳು ದೀರ್ಘಕಾಲ ಉಳಿದವು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದ ಮೇಲೆಯೇ ಮಾರಾಟ ತೆರಿಗೆಯ ನಾಕೆಗಳು ಎದ್ದುಹೋದವು.

ಹೆಸರು ಬದಲಾದರೂ ತಟ್ಟೆಯಲ್ಲಿ ರೊಟ್ಟಿಯಿತ್ತು. ತಟ್ಟೆಯೇ ಬದಲಾದದ್ದು 1983ರಲ್ಲಿ. ಎನ್.ಟಿ. ರಾಮರಾವ್ ಅವರ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿಯ ಯೋಜನೆಯನ್ನು ಜಾರಿಗೆ ತಂದಿತು. ಬಡವರ ಹಸಿವನ್ನು ನೀಗಿದ ದೊಡ್ಡ ಕಾರ್ಯವದು. ಬರಗಾಲವನ್ನು ಕಂಡವರಾರೂ ಅದನ್ನು ಹಗುರವಾಗಿ ಮಾತನಾಡಲಾರರು. ಆದರೆ ಆ ಅಕ್ಕಿ ಕೃಷ್ಣಾ, ಗೋದಾವರಿಯ ನೀರಾವರಿ ಸೀಮೆಯ ಬೆಳೆ. ನಮ್ಮದು ಮಳೆಯನ್ನು ನಂಬಿದ ರೊಟ್ಟಿಯ ಸೀಮೆ. 2 ರೂಪಾಯಿಗೆ ಅಕ್ಕಿ ದೊರೆಯುವಾಗ ಒಣಭೂಮಿಯಲ್ಲಿ ದುಡಿದು ಜೋಳ ಬೆಳೆಯುವ ಅಗತ್ಯವೇನು ಎಂದು ಸಣ್ಣ ರೈತರು ಹೊಲಗಳನ್ನು ಬೀಳುಬಿಟ್ಟರು. ಜೋಳ ಹೋದಲ್ಲಿ ಅದರೊಡನೆ ಅಕ್ಕಡಿಯಾಗಿ ಬೆಳೆಯುತ್ತಿದ್ದ ಕಾಳುಗಳೂ ದನಗಳ ಸೊಪ್ಪೆಯೂ ಹೋದವು. ಕುಸುಬೆ ಎಣ್ಣೆಯ ಜಾಗಕ್ಕೆ ಆಮದಾದ ತಾಳೆ ಎಣ್ಣೆ ಬಂದಿತು. ಹೀಗೆ ಒಂದು ವಿಚಿತ್ರ ಸನ್ನಿವೇಶ ಒದಗಿತು: ಹುಟ್ಟಿದ ಊರಿನಲ್ಲಿಯೇ ಇದ್ದುಕೊಂಡು, ಹುಟ್ಟಿದಾಗಿನಿಂದ ಉಂಡ ಧಾನ್ಯವನ್ನು ಹೆಚ್ಚಿನ ಬೆಲೆ ತೆತ್ತು ಹುಡುಕಬೇಕಾಯಿತು.

ಅದನ್ನು ಮರಳಿ ತಂದವರು ಜಹೀರಾಬಾದ್ ಸೀಮೆಯ ಬಡ ರೈತಮಹಿಳೆಯರು, ಬಹುಪಾಲು ದಲಿತ ಕುಟುಂಬದವರು. 1983ರಲ್ಲಿಯೇ ಅಲ್ಲಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಆರಂಭಿಸಿತು. ಅದರ ಸ್ಥಾಪಕರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರು ಮೂಲದವರು, ದೂರದರ್ಶನದಲ್ಲಿ ಕೆಲಸ ಮಾಡಿದವರು. 2023ರ ಮಾರ್ಚ್‌ನಲ್ಲಿ ನಮ್ಮನ್ನಗಲಿದರು. ಈ ಸಂಸ್ಥೆಯ ಆಸರೆಯಲ್ಲಿ ಮಹಿಳಾ ಸಂಘಗಳು 1990ರ ದಶಕದ ನಡುಭಾಗದಲ್ಲಿ ತಮ್ಮದೇ ಒಂದು ಪಡಿತರ ವ್ಯವಸ್ಥೆಯನ್ನು ಕಟ್ಟಿದವು. ಬೀಳು ಹೊಲವುಳ್ಳ ರೈತನಿಗೆ ಉಳುಮೆಗೂ ಗೊಬ್ಬರಕ್ಕೂ ಸಾಲ ಕೊಡುವುದು. ಆತ ಅದನ್ನು ಕೆಲವು ವರ್ಷ ಜೋಳದ ರೂಪದಲ್ಲಿಯೇ ತೀರಿಸುವುದು. ಆ ಜೋಳವನ್ನು ಊರಿನಲ್ಲಿಯೇ ಸಂಗ್ರಹಿಸಿ, ಮಳೆಗಾಲದ ಕೊರತೆಯ ತಿಂಗಳುಗಳಲ್ಲಿ ಕಡಿಮೆ ಬೆಲೆಗೆ ಬಡವರಿಗೆ ಕೊಡುವುದು. ಯಾರು ಬಡವರೆಂಬುದನ್ನು ಊರವರೇ ಕೂಡಿ ನಿರ್ಣಯಿಸುವುದು. ಬೀಜವನ್ನು ಮನೆಯಲ್ಲಿ ಕಾಪಿಡುವ ಹಳೆಯ ಪದ್ಧತಿಯನ್ನೂ ಅವರು ಮತ್ತೆ ಜೀವಂತಗೊಳಿಸಿದರು. 2008ರಲ್ಲಿ ಅವರದೇ ಸಮುದಾಯ ಬಾನುಲಿ ‘ಸಂಘಂ ರೇಡಿಯೋ’ ಆರಂಭವಾಯಿತು. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಮಹಿಳೆಯರ ಕೆಲಸಕ್ಕೆ ಸಂದಿತು. ಅಷ್ಟರೊಳಗೆ ದೇಶವೂ ದಾರಿ ಬದಲಿಸಿತ್ತು: 2013ರ ಆಹಾರ ಭದ್ರತಾ ಕಾಯಿದೆಯಲ್ಲಿ ‘ಒರಟು ಧಾನ್ಯ’ಕ್ಕೆ ಕಿಲೋಗೆ 1 ರೂಪಾಯಿಯ ದರ ಸೇರಿತು, 2018ರಲ್ಲಿ ಅದೇ ಧಾನ್ಯ ಸರ್ಕಾರದ ಕಡತದಲ್ಲಿ ‘ಪೌಷ್ಟಿಕ ಧಾನ್ಯ’ವಾಯಿತು, 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಧಾನ್ಯ ಬದಲಾಗಲಿಲ್ಲ, ಹೆಸರು ಬದಲಾಗಿ ಮಾನ ಹೆಚ್ಚಿತು.

ಹೆಸರಿನ ಮಹತ್ವಕ್ಕೆ ತೊಗರಿ ಇನ್ನೊಂದು ಸಾಕ್ಷಿ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2022ರ ಡಿಸೆಂಬರಿನಲ್ಲಿ ತಾಂಡೂರಿನ ತೊಗರಿಗೂ ಅದೇ ಮಾನ್ಯತೆ ದೊರೆಯಿತು. ಎರಡಕ್ಕೂ ಕಾರಣವಾಗಿ ಹೇಳಲಾದುದು ಕರಿಮಣ್ಣು ಮತ್ತು ಅದರೊಳಗಿನ ಖನಿಜಾಂಶ. ಆ ಕರಿನೆಲದ ಹರವು ಮಾತ್ರ ಒಂದೇ. 1956ರ ಗೆರೆ ಹೀಗೆ ಒಂದು ನೆಲದ ಬೇಳೆಗೆ ಎರಡು ಹೆಸರು ಕೊಟ್ಟಿತು. ಇದರಲ್ಲಿ ಅಸೂಯೆಗೆ ಎಡೆಯಿಲ್ಲ. ಎರಡೂ ನಮ್ಮ ಬೇಳೆಗಳೇ. ಬೆಂದಾಗ ಎರಡೂ ಒಂದೇ ಬಗೆಯಾಗಿ ಕರಗುತ್ತವೆ.

ಇನ್ನು ‘ನಮ್ಮದು’ ಎನ್ನುವ ಸಾಮಾನುಗಳೇ ಎಲ್ಲಿಂದ ಬಂದವು ಎಂದು ನೋಡಿದರೆ ಗರ್ವ ತಾನಾಗಿ ಇಳಿಯುತ್ತದೆ. ಜೋಳ ಈಶಾನ್ಯ ಆಫ್ರಿಕದ ಮೂಲದ್ದು. ಸೂಡಾನಿನವರು ಅದನ್ನು ‘ದುರಾ’ ಎಂದು ಕರೆದು ‘ಕಿಸ್ರಾ’ ಎಂಬ ತೆಳುರೊಟ್ಟಿ ಮಾಡುತ್ತಾರೆ. ಗುರೆಳ್ಳು ಇಥಿಯೋಪಿಯದ್ದು, ಪುಂಡಿಯೂ ಆಫ್ರಿಕದ್ದೇ. ಪುಂಡಿಯ ಸೊಪ್ಪನ್ನು ಬರ್ಮಾದವರು ‘ಚಿನ್ ಬಾಂಗ್’ ಎಂದು ಪಲ್ಯ ಮಾಡಿದರೆ, ವೆಸ್ಟ್ ಇಂಡೀಸಿನವರು ಅದರ ಕೆಂಪು ಪುಷ್ಪಪಾತ್ರೆಯಿಂದ ಪಾನಕ ಮಾಡುತ್ತಾರೆ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದಿಂದ ಕಡಲು ದಾಟಿ ಬಂದವು. ಆದ್ದರಿಂದ ಪರದೇಶದಲ್ಲಿರುವ ನಮ್ಮ ಹುಡುಗ ಸೂಡಾನಿನವರ ಅಂಗಡಿಯಲ್ಲಿ ಜೋಳವನ್ನು ಕಂಡರೆ ಅದು ಆಕಸ್ಮಿಕವಲ್ಲ. ಧಾನ್ಯದ ತವರಿನವರನ್ನೇ ಆತ ಕಂಡಂತಾಯಿತು. ಹೊರಗಿನಿಂದ ಬಂದ ಈ ಕಾಳುಗಳು ಇಲ್ಲಿಯವಾದದ್ದು ಮೂರು ಆಧಾರಗಳಿಂದ: ಮಣ್ಣು ಒಪ್ಪಿತು, ಪೇಟೆ ಕೊಂಡಿತು, ನಾಲಗೆ ಹೆಸರಿಟ್ಟಿತು. ಮೂರರಲ್ಲಿ ಒಂದು ತಪ್ಪಿದರೂ ವಸ್ತು ಮನೆಯಿಂದ ಮರೆಯಾಗುತ್ತದೆ. ನಮ್ಮ ಸೀಮೆಯ ಎಪ್ಪತ್ತು ವರ್ಷಗಳ ಅನುಭವ ಇದನ್ನೇ ಹೇಳುತ್ತದೆ.

ಈ ಮೂರೂ ಇಂದಿಗೂ ಕೂಡುವ ದಿನವೊಂದಿದೆ. ಎಳ್ಳಮಾವಾಸ್ಯೆಯಂದು ಬೀದರ, ಕಲಬುರಗಿಯಲ್ಲಿರುವಂತೆಯೇ ಜಹೀರಾಬಾದ್, ನಾರಾಯಣಖೇಡದ ಹೊಲಗಳಲ್ಲಿಯೂ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಹಸಿತೊಗರಿ, ಹಸಿಕಡಲೆ, ಅವರೆ, ಮೆಂತ್ಯಪಲ್ಯ ಕೂಡಿಸಿದ ಭಜ್ಜಿ, ಸಜ್ಜೆರೊಟ್ಟಿ, ಕಡುಬು, ಜೋಳದ ಅಂಬಲಿ ಅಂದಿನ ಊಟ. ಕನ್ನಡದವರು, ತೆಲುಗಿನವರು ಎಂಬ ಭೇದ ಆ ಬುತ್ತಿಗೆ ಇಲ್ಲ. ಭಜ್ಜಿಗೆ ಬೇಕಾದ ಕಾಳುಗಳನ್ನು ಅಜ್ಜಿಯೊಬ್ಬಳು ಒಂದೊಂದಾಗಿ ಹೆಸರಿಸಿದರೆ ಅದೇ ಒಂದು ನಿಘಂಟಾಗುತ್ತದೆ.

ಇಂದು ಮಣ್ಣು ನಮ್ಮಲ್ಲಿದೆ. ಜೋಳ ಪೇಟೆಗೆ ಮರಳಿದೆ. ಕ್ಷೀಣಿಸುತ್ತಿರುವುದು ಹೆಸರು ಮಾತ್ರ. ಅದನ್ನು ಉಳಿಸಲು ಯಾವ ಸರ್ಕಾರದ ಅನುಮತಿಯೂ ಬೇಕಾಗಿಲ್ಲ. ಆದ್ದರಿಂದ ಸಮ್ಮೇಳನಕ್ಕೆ ಬಂದ ಸಹೃದಯರಲ್ಲಿ ನಮ್ಮದೊಂದು ವಿನಂತಿ. ಮೂರೂ ಊರುಗಳ ಹಿರಿಯ ಗೃಹಿಣಿಯರಿಂದ ಅಡುಗೆಯ ಧಾನ್ಯ, ಕಾಳು, ಸೊಪ್ಪು, ಮಸಾಲೆಗಳ ಹೆಸರುಗಳನ್ನು ಕನ್ನಡ, ತೆಲುಗು, ಮರಾಠಿ, ಉರ್ದು ಈ ನಾಲ್ಕು ಸಾಲುಗಳಲ್ಲಿ ಬರೆಸಿಕೊಳ್ಳಬೇಕು. ಈ ಕೆಲಸವನ್ನು ಶಾಲಾ ಮಕ್ಕಳಿಗೆ ವಹಿಸಿದರೆ ಒಂದು ಬೇಸಿಗೆ ರಜೆಯಲ್ಲಿ ಮುಗಿದೀತು. ಮುಂದಿನ ಸ್ಮರಣ ಸಂಚಿಕೆಯಲ್ಲಿ ಆ ಪಟ್ಟಿ ಅಚ್ಚಾದರೆ, ನಾಳೆ ಎಲ್ಲಿಯೋ ದೂರದ ದೇಶದ ಅಂಗಡಿಯಲ್ಲಿ ನಿಲ್ಲುವ ನಮ್ಮ ಮೊಮ್ಮಗಳಿಗೆ ತಾನು ಹುಡುಕುತ್ತಿರುವುದು ಏನು ಎಂಬುದಾದರೂ ತಿಳಿದಿರುತ್ತದೆ.