ಇಂಗ್ಲಿಷಿನ ಕ್ಲಿಷ್ಟಪದಗಳೂ ನಮ್ಮ ಸೀಮೆಯೂ

ಇಂಗ್ಲಿಷ್ ವಿದ್ಯೆಯು ನಮ್ಮ ನಾಡಿನಲ್ಲಿ ಬೇರೂರಿದಂದಿನಿಂದ ಅದರ ಕ್ಲಿಷ್ಟಪದಗಳನ್ನು ಬಾಯಿಪಾಠ ಮಾಡಿಸುವ ಪದ್ಧತಿಯು ನಡೆದುಬಂದಿರುವುದು ವಾಚಕರಿಗೆ ತಿಳಿದ ಸಂಗತಿಯೇ ಆಗಿದೆ. ಬಾಲಕನು ಪದವನ್ನೂ ಅರ್ಥವನ್ನೂ ತಪ್ಪಿಲ್ಲದೆ ಒಪ್ಪಿಸುತ್ತಾನೆ. ಆ ಅರ್ಥವು ಅವನ ಬುದ್ಧಿಗೆ ಹತ್ತಿತೇ ಎಂದು ವಿಚಾರಿಸುವವರು ವಿರಳ. ಈ ವಿಷಯದಲ್ಲಿ ಪೂರ್ವಚರಿತ್ರೆಯು ನಮಗೆ ಏನನ್ನು ಬೋಧಿಸುವುದೆಂಬುದನ್ನು ಪರಿಶೀಲಿಸೋಣ.

ವಿಲಿಯಂ ರೀವ್ ಎಂಬ ಪಾದ್ರಿಯು ರಚಿಸಿದ ಇಂಗ್ಲಿಷ್-ಕನ್ನಡ ನಿಘಂಟು ೧೮೨೪ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರವರು ೧೮೩೩ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಪಾಠಶಾಲೆಯನ್ನು ಸ್ಥಾಪಿಸಿದರು. ೧೮೯೪ರಲ್ಲಿ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಿಂದ ಹೊರಬಂದಿತು. ೧೯೧೬ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಇಂಗ್ಲಿಷ್-ಕನ್ನಡ ನಿಘಂಟನ್ನು ೧೯೪೬ರಲ್ಲಿ ಪ್ರಕಟಿಸಿತು. ಹೀಗೆ ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾದ ಪರಿಶ್ರಮದ ಫಲವು ನಮ್ಮ ಕೈಸೇರಿದೆ.

ಆದರೆ ನಿಘಂಟೊಂದರಿಂದಲೇ ಕಾರ್ಯವು ಮುಗಿಯದು. ೧೮೯೪ರಲ್ಲಿಯೇ ಬಿ. ಎಲ್. ರೈಸರವರು ನಂಜನಗೂಡು, ತಿರುಮಕೂಡಲು ನರಸೀಪುರ ಮೊದಲಾದ ತಾಲ್ಲೂಕುಗಳ ಶಾಸನಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಗದ್ಯಾಣ, ಖಂಡುಗ ಎಂಬಂತಹ ಮಾತುಗಳನ್ನು ಆ ವಿದ್ವಾಂಸರು ಅನುವಾದದಲ್ಲಿಯೂ ಹಾಗೆಯೇ ಉಳಿಸಿಕೊಂಡರು. ಆ ನಾಣ್ಯವೂ ಆ ಅಳತೆಯೂ ಇಂಗ್ಲೆಂಡಿನಲ್ಲಿ ಇಲ್ಲದಿರುವಾಗ ಅವಕ್ಕೆ ಸರಿಯಾದ ಇಂಗ್ಲಿಷ್ ಮಾತು ಎಲ್ಲಿಂದ ಬಂದೀತು? ಕ್ಲಿಷ್ಟತೆಯು ಅಕ್ಷರಗಳಲ್ಲಿಲ್ಲ, ಪದದ ಹಿಂದಿನ ವಸ್ತುವನ್ನು ಕಾಣದಿರುವುದರಲ್ಲಿದೆ.

ನಮ್ಮ ಸೀಮೆಯಲ್ಲಾದರೋ ಎಷ್ಟೋ ವಸ್ತುಗಳು ಕಣ್ಣೆದುರಿಗೇ ಇವೆ. ‘ಕಾನ್‌ಫ್ಲುಯೆನ್ಸ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಒಂದಾಗಿ ಹರಿಯುವುದೆಂದರ್ಥ; ತಿರುಮಕೂಡಲು ಎಂಬ ಹೆಸರಿನ ‘ಕೂಡಲು’ ಅದನ್ನೇ ಹೇಳುತ್ತದೆ. ‘ಟ್ರಿಬ್ಯುಟರಿ’ ಎಂದರೆ ಮೂಲದಲ್ಲಿ ಕಪ್ಪವನ್ನು ಕೊಡತಕ್ಕದ್ದು. ಕಪಿಲೆಯು ಅಲ್ಲಿ ತನ್ನ ನೀರನ್ನೆಲ್ಲ ಕಾವೇರಿಗೆ ಒಪ್ಪಿಸುವುದನ್ನು ಕಂಡ ಬಾಲಕನು ಈ ಪದವನ್ನು ಮರೆಯಲಾರನು. ನಮ್ಮ ‘ಉಪನದಿ’ಯಲ್ಲಿ ಈ ಕಪ್ಪದ ಭಾವವಿಲ್ಲವಾದುದರಿಂದ ಪರಭಾಷೆಯೂ ಅವನಿಗೆ ಹೊಸದೊಂದನ್ನು ಕೊಟ್ಟಂತಾಯಿತು. ‘ಆಂಟಿಡೋಟ್’ ಎಂಬ ಗ್ರೀಕ್ ಮೂಲದ ಪದಕ್ಕೆ ವಿರುದ್ಧವಾಗಿ ಕೊಟ್ಟದ್ದು, ಅಂದರೆ ನಂಜಿಗೆ ಮದ್ದು ಎಂದರ್ಥ. ನಂಜುಂಡೇಶ್ವರನ ಕಥೆಯನ್ನು ಕೇಳಿ ಬೆಳೆದ ಮಕ್ಕಳಿಗೆ ನಂಜೆಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ಕನ್ನಡವನ್ನು ಬಿಟ್ಟು ಇಂಗ್ಲಿಷನ್ನು ಕಲಿಸಹೊರಟರೆ ಮಕ್ಕಳಿಗೆ ಎರಡೂ ದಕ್ಕಲಾರವು. ಮನೆಯ ಮಾತಿನ ಅರ್ಥವನ್ನು ಬಲ್ಲವನಿಗೆ ಹೊರಗಿನ ಮಾತು ಹೊರೆಯಾಗದು. ಆದುದರಿಂದ ತಾಯಿತಂದೆಗಳು ಮಕ್ಕಳ ಕೈಗೆ ನಿಘಂಟನ್ನು ಕೊಡುವುದರ ಜೊತೆಗೆ ಅವರನ್ನು ಒಮ್ಮೆ ಹೊಳೆಯ ದಡಕ್ಕೂ ಕರೆದೊಯ್ಯುವುದು ಲೇಸು.