ಸಾಲ್ಸ್‌ಬರ್ಗಿನ ಹಿಮದ ಹಾದಿ, 1731

ಆಲ್ಪ್ಸ್ ಪರ್ವತಗಳ ನಡುವೆ, ಸಾಲ್ಸ್‌ಬರ್ಗ್ ನಗರದ ದಕ್ಷಿಣಕ್ಕೆ ಪೊಂಗೌ ಎಂಬ ಕಣಿವೆನಾಡಿದೆ. ಇಂದು ಅದು ಆಸ್ಟ್ರಿಯಾ ದೇಶದ ಭಾಗ. ಹದಿನೆಂಟನೆಯ ಶತಮಾನದಲ್ಲಾದರೋ ಸಾಲ್ಸ್‌ಬರ್ಗಿನ ಮಹಾಧರ್ಮಾಧ್ಯಕ್ಷರೇ ಅದರ ಅರಸರೂ ಆಗಿದ್ದರು. ಧರ್ಮದಂಡ, ರಾಜದಂಡ ಎರಡೂ ಒಂದೇ ಕೈಯಲ್ಲಿದ್ದವು.

ಹಿಮ ಬೀಳತೊಡಗುವ ಹೊತ್ತಿಗೆ ಅಲ್ಲಿಯ ರೈತರ ದನಗಳು ಮಲೆಯ ಹುಲ್ಲುಗಾವಲುಗಳಿಂದ ಇಳಿದು ಕೊಟ್ಟಿಗೆ ಸೇರಿರುತ್ತಿದ್ದವು. ಬೇಸಿಗೆಯಲ್ಲಿ ಎತ್ತರದ ಇಳಿಜಾರುಗಳಲ್ಲಿ ಕೊಯ್ದು ಅಲ್ಲಿಯೇ ಒಟ್ಟಿಟ್ಟ ಹುಲ್ಲನ್ನು ಕೆಳಗಿಳಿಸಲು ಮಾತ್ರ ಹಿಮವೇ ಬೇಕಿತ್ತು. ಹುಲ್ಲನ್ನು ಜಾರುಬಂಡಿಗೆ ಹೇರಿ, ಮುಂದೆ ನಿಂತು ಕಾಲೂರಿ ತಡೆಯುತ್ತ ಇಳಿಸುವುದು ಗಂಡಾಳುಗಳ ಕೆಲಸ. ಬಂಡಿ ಹಿಡಿತ ತಪ್ಪಿದರೆ ಆಳಿನ ಪ್ರಾಣಕ್ಕೇ ಸಂಚಕಾರ. ಹೆಣ್ಣಾಳುಗಳು ದನಗಳ ಆರೈಕೆ ಮುಗಿಸಿ, ದೀರ್ಘ ಸಂಜೆಗಳಲ್ಲಿ ಅಗಸೆಯ ನಾರು ನೂಲುತ್ತಿದ್ದರು. ಆಗಮನ ಕಾಲದಲ್ಲಿ ಮಾತೆ ಮರಿಯಮ್ಮನವರ ಗೌರವಾರ್ಥ ಸೂರ್ಯೋದಯಕ್ಕೆ ಮುನ್ನ ಅರ್ಪಿಸುವ ಬಲಿಪೂಜೆಗೆ, ಮೊಣಕಾಲುದ್ದದ ಹಿಮದಲ್ಲಿ ಕಂದೀಲು ಹಿಡಿದು ಇಳಿದು ಬರಬೇಕಿತ್ತು. ಸಂತ ತೋಮಾಸರ ಹಬ್ಬದ ಸುಮಾರಿಗೆ (ಅಂದು ಅದು ಡಿಸೆಂಬರ್ 21ಕ್ಕೆ ಬರುತ್ತಿತ್ತು) ಒಣಗಿಸಿದ ಪಿಯರ್ ಹಣ್ಣು ಬೆರೆಸಿದ ರೊಟ್ಟಿ ಸುಡುತ್ತಿದ್ದರು. ಕ್ರಿಸ್ಮಸ್ ಹಿಂದಿನ ಸಂಜೆ ಮನೆಯೊಡೆಯ ಕೆಂಡದ ಮೇಲೆ ಧೂಪ ಹಾಕಿ, ಕೋಣೆಕೋಣೆಗೂ ಕೊಟ್ಟಿಗೆಗೂ ಹೊಗೆ ಹಿಡಿಯುತ್ತಿದ್ದ.

ಈ ಆಳುಗಳಿಗೆ ಸ್ವಂತ ನೆಲವಿರಲಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಮದುವೆಯ ಭಾಗ್ಯವೂ ಇರಲಿಲ್ಲ. ವರ್ಷದ ಕರಾರು ಮುಗಿದು ಮನೆ ಬದಲಿಸುವ ದಿನ ಫೆಬ್ರವರಿ 2, ಅಂದರೆ ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಅಲ್ಲಿಯವರೆಗೆ ಒಡೆಯನ ಸೂರೇ ಅವರ ಸೂರು.

ಇದೇ ಕಣಿವೆಗಳ ಅನೇಕ ಕುಟುಂಬಗಳು ತಲೆಮಾರುಗಳಿಂದ ಗುಟ್ಟಾಗಿ ಲೂಥರನ ಬೋಧನೆಯನ್ನು ಅನುಸರಿಸುತ್ತಿದ್ದವು. ಭಾನುವಾರ ಬಲಿಪೂಜೆಗೆ ಹಾಜರಿ. ರಾತ್ರಿ ಬಾಗಿಲು ಹಾಕಿಕೊಂಡು, ಬಚ್ಚಿಟ್ಟ ಜರ್ಮನ್ ಬೈಬಲಿನ ಪಠಣ. 1727ರಲ್ಲಿ ಲಿಯೋಪೋಲ್ಡ್ ಆಂಟನ್ ಫಾನ್ ಫಿರ್ಮಿಯಾನ್ ಮಹಾಧರ್ಮಾಧ್ಯಕ್ಷರಾದ ಮೇಲೆ ಯೇಸುಸಭೆಯ ಗುರುಗಳು ಹಳ್ಳಿಗಳಿಗೆ ಬಂದರು. 'ಯೇಸುಕ್ರಿಸ್ತರಿಗೆ ಸ್ತುತಿ' ಎಂಬ ವಂದನೆಯೇ ಒರೆಗಲ್ಲಾಯಿತು. ಅದಕ್ಕೆ ಜಗದ್ಗುರುಗಳು ಪಾಪದಂಡದ ವಿನಾಯಿತಿಯನ್ನು ಜೋಡಿಸಿದ್ದರಿಂದ ಲೂಥರನ ಅನುಯಾಯಿಗಳು ಅದನ್ನು ನುಡಿಯಲು ಹಿಂಜರಿದರು. ನಮ್ಮ ಹಳ್ಳಿಗಳಲ್ಲಿ ಗುರುಗಳನ್ನು ಕಂಡೊಡನೆ ಸಹಜವಾಗಿ ಬಾಯಿಗೆ ಬರುವ 'ಸ್ತೋತ್ರ' ಎಂಬಂಥ ಮಾತು ಅಲ್ಲಿ ನೆರೆಯವರನ್ನು ಹಿಡಿದುಕೊಡುವ ಗುರುತಾಯಿತು. ಪ್ರಭುವಿನ ನಾಮವನ್ನು ಹೀಗೆ ಬಳಸಿದ್ದು ನನಗಂತೂ ಆ ಕಾಲದ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ.

1731ರ ಆಗಸ್ಟ್‌ನಲ್ಲಿ ಶ್ವಾರ್ಜಾಖ್ ಎಂಬಲ್ಲಿ ಹಳ್ಳಿಗಳ ಪ್ರತಿನಿಧಿಗಳು ಸೇರಿ, ಉಪ್ಪನ್ನು ನಾಲಿಗೆಗೆ ಮುಟ್ಟಿಸಿಕೊಂಡು, ತಮ್ಮ ವಿಶ್ವಾಸವನ್ನು ಬಿಡುವುದಿಲ್ಲವೆಂದು ಒಪ್ಪಂದ ಮಾಡಿಕೊಂಡರು. ಅರಮನೆ ಇದನ್ನು ದಂಗೆಯೆಂದು ಕರೆಯಿತು. ಹಾಗೆ ಕರೆಯುವುದರಲ್ಲಿ ಒಂದು ಲೆಕ್ಕಾಚಾರವಿತ್ತು. 1648ರ ವೆಸ್ಟ್‌ಫಾಲಿಯಾ ಒಪ್ಪಂದದಂತೆ, ಅರಸನ ಧರ್ಮ ಒಪ್ಪದವರು ನಾಡು ಬಿಟ್ಟು ಹೋಗಲು ಮೂರು ವರ್ಷಗಳ ಕಾಲಾವಕಾಶವಿತ್ತು. ದಂಗೆಕೋರರಿಗೆ ಆ ರಕ್ಷಣೆ ಸಲ್ಲದೆಂಬುದು ಅರಮನೆಯ ವಾದ. ಅಕ್ಟೋಬರ್ 31ರ ದಿನಾಂಕ ಹೊತ್ತ ಗಡೀಪಾರಿನ ಆಜ್ಞೆಯನ್ನು ನವೆಂಬರ್ 11ರಂದು, ಸಂತ ಮಾರ್ಟಿನರ ಹಬ್ಬದ ದಿನ, ಸಾರಲಾಯಿತು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತರಿಸಿ ಕೊಟ್ಟ ಸಂತನ ಹಬ್ಬವದು!

ಜಮೀನುಳ್ಳವರಿಗೆ ಆಸ್ತಿಗೆ ತಕ್ಕಂತೆ ಒಂದರಿಂದ ಮೂರು ತಿಂಗಳು. ಏನೂ ಇಲ್ಲದವರಿಗೆ ಎಂಟೇ ದಿನ. ಮಾರಲು ಏನೂ ಇಲ್ಲದವನಿಗೆ ಸಮಯವೇಕೆ ಎಂಬ ತರ್ಕವಿರಬೇಕು. ನವೆಂಬರ್ ಕೊನೆಯ ವಾರದಲ್ಲಿ ಸೈನಿಕರು ಆಳುಗಳನ್ನು ಹುಡುಕಿ ಒಟ್ಟುಗೂಡಿಸಿ, ಸಾವಿರಾರು ಜನರನ್ನು ಗಡಿಯತ್ತ ಅಟ್ಟಿದರು. ಕರಾರಿನ ವರ್ಷ ತುಂಬಲು ಇನ್ನೂ ಎರಡು ತಿಂಗಳಿತ್ತು; ಹುಲ್ಲಿನ ಜಾರುಬಂಡಿಗಳನ್ನು ಇಳಿಸಬೇಕಾದ ಕೈಗಳು ಹಿಮದಲ್ಲಿ ಗಂಟು ಹೊತ್ತು ನಡೆದವು. ಅವರನ್ನು ಕರೆದುಕೊಳ್ಳುವವರು ಯಾರೆಂಬುದೂ ಆಗ ಗೊತ್ತಿರಲಿಲ್ಲ. ಪ್ರಶ್ಯದ ಅರಸ ಮೊದಲನೆಯ ಫ್ರೆಡ್ರಿಕ್ ವಿಲ್ಹೆಲ್ಮ್ ಆಹ್ವಾನವಿತ್ತದ್ದು 1732ರ ಫೆಬ್ರವರಿ 2ರಂದು; ಆಳುಗಳು ಹೊಸ ಮನೆಗೆ ಹೋಗುವ ಅದೇ ಹಬ್ಬದಂದು. ಒಟ್ಟು ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ನಾಡು ತೊರೆದರು. ಬಹುಪಾಲು ಪೂರ್ವ ಪ್ರಶ್ಯಕ್ಕೆ ಹೋದರು, ಕೆಲವರು ಅಮೆರಿಕದ ಜಾರ್ಜಿಯಾ ಮುಟ್ಟಿದರು. ಖಾಲಿಯಾದ ಹೊಲಮನೆಗಳಿಗೆ ಹೊರಗಿನಿಂದ ಜನರನ್ನು ಕರೆತರಬೇಕಾಯಿತು.

ಫಿರ್ಮಿಯಾನರು 1736ರಲ್ಲಿ ಲಿಯೋಪೋಲ್ಡ್ಸ್‌ಕ್ರೋನ್ ಎಂಬ ಸರೋವರದ ದಂಡೆಯ ಅರಮನೆಯನ್ನು ಕಟ್ಟಿಸತೊಡಗಿದರು. 'ಸೌಂಡ್ ಆಫ್ ಮ್ಯೂಸಿಕ್' ಚಿತ್ರ ನೋಡಿದ ವಾಚಕರಿಗೆ ಆ ಸರೋವರದ ನೆನಪಿರಬಹುದು. ಪೊಂಗೌ ಸೀಮೆಯ ವಾಗ್ರೈನ್ ಹಳ್ಳಿಯಲ್ಲಿ, 'ಸೈಲೆಂಟ್ ನೈಟ್' ಗೀತೆ ರಚಿಸಿದ ಗುರು ಯೋಸೆಫ್ ಮೋರ್ 1837ರಿಂದ ಸೇವೆ ಸಲ್ಲಿಸಿ, 1848ರ ಡಿಸೆಂಬರ್ 4ರಂದು, ಆಗಮನ ಕಾಲದಲ್ಲೇ, ತೀರಿಕೊಂಡರು. ಅವರ ಸಮಾಧಿ ಅಲ್ಲಿಯೇ ಇದೆ. ನೂರಾರು ವರ್ಷಗಳ ನಂತರ, 1966ರಲ್ಲಿ, ಸಾಲ್ಸ್‌ಬರ್ಗಿನ ಮಹಾಧರ್ಮಾಧ್ಯಕ್ಷ ಆಂಡ್ರಿಯಾಸ್ ರೋರಾಖರ್ ಪ್ರಾಟೆಸ್ಟೆಂಟ್ ಸಹೋದರರ ಮುಂದೆ ಆ ಗಡೀಪಾರಿಗಾಗಿ ವಿಷಾದ ವ್ಯಕ್ತಪಡಿಸಿದರು.